ಈಸ್ಟರ್ ದಿನದ ಕವಳ

ಅಮ್ಮ ಕವಳ ಬಿಟ್ಟಳು ಎಂಬ ಸುದ್ದಿಯನ್ನು ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. ಅವಳ ಜೊತೆ ಒಂದೇ ಮನೆಯಲ್ಲಿ ಇದ್ದುಕೊಂಡು ನಾನೂ ನಂಬಿರಲಿಲ್ಲ. ಶಿರಸಿ ಕಡೆಯವರಿಗೆ ಕವಳ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಬೇರೆ ಊರಿನವರಿಗಾಗಿ ಹೇಳುತ್ತೇನೆ. ಎಲೆ, ಅಡಿಕೆ, ಸುಣ್ಣ, ಮೇಲೊಂದು ಚೂರು ತಂಬಾಕು. ಇಲ್ಲಿ ಯಾರ ಮನೆಗೆ ಹೋದರೂ ಮೊದಲು ನೀರು, ಆಮೇಲೆ ಚಹಾ, ಆಮೇಲೆ ಕವಳದ ಬಟ್ಟಲು ಬರುತ್ತದೆ. ಚಹಾ ಬೇಡ ಎಂದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕವಳ ಬೇಡ ಎಂದರೆ ಮಾತ್ರ, ನಮ್ಮ ಮೇಲೆ ಬೇಜಾರಾ ಎಂದು ಕೇಳುತ್ತಾರೆ.

ನಮ್ಮವರು ಕರಾವಳಿಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತರು, ಗಾರೆ ಕೆಲಸದವರು. ಮನೆಯಲ್ಲಿ ಕೊಂಕಣಿ, ಹೊಸಿಲು ದಾಟಿದರೆ ಕನ್ನಡ. ಅಮ್ಮನ ತವರು ಯಲ್ಲಾಪುರದ ಕಡೆ, ಉಮ್ಮಚಗಿಯ ಹತ್ತಿರ. ಹುಡುಗಿಯಾಗಿದ್ದಾಗ ಸುಗ್ಗಿಯಲ್ಲಿ ಅಡಿಕೆ ಸುಲಿಯಲು ಹೋಗುತ್ತಿದ್ದಳಂತೆ. ತೂಕಡಿಕೆ ಬರಬಾರದು ಎಂದು ಸುಲಿಯುವ ಹೆಂಗಸರೆಲ್ಲ ಬಾಯಲ್ಲಿ ಏನಾದರೂ ಇಟ್ಟುಕೊಳ್ಳುತ್ತಿದ್ದರು. ಅಮ್ಮ ಕಲಿತದ್ದು ಅಲ್ಲಿಯೇ. ಮದುವೆಯಾಗಿ ಶಿರಸಿಗೆ ಬರುವಾಗ ತವರಿನಿಂದ ತಂದದ್ದು ಅದೊಂದೇ ಎಂದು ತಾನೇ ಹೇಳಿಕೊಂಡು ನಗುತ್ತಾಳೆ.

ಅವಳ ಜೊತೆಗಾರ್ತಿ ಪಕ್ಕದ ಮನೆಯ ಹೆಗಡೆಯವರ ಹೆಂಡತಿ. ಅಮ್ಮ ಅವರನ್ನು ಅಕ್ಕ ಎನ್ನುತ್ತಾಳೆ, ನಾನು ಅವರ ಮನೆಯ ಮಕ್ಕಳು ಕರೆಯುವ ಹಾಗೆ ದೊಡ್ಡಾಯಿ ಎನ್ನುತ್ತೇನೆ. ಅವರು ಯಾರ ಜೊತೆಗೂ ತಮ್ಮ ಮನೆಮಾತಿನಲ್ಲೇ ಮಾತಾಡುವವರು, ನಾನು ಎನ್ನಲು ಆನು, ನನಗೆ ಎನ್ನಲು ಎಂಗೆ. ದೊಡ್ಡಾಯಿಯ ತವರು ಸಿದ್ದಾಪುರದ ಹತ್ತಿರದ ದೊಡ್ಮನೆ ಎಂಬ ಊರು. ಅಲ್ಲಿಂದ ಯಾರು ಬಂದರೂ ಬಾಳೆಯೆಲೆಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟು ತರುತ್ತಾರೆ. ಊಟ ಮುಗಿದು ಪಾತ್ರೆ ತೊಳೆದ ಮೇಲೆ ಇಬ್ಬರೂ ದೊಡ್ಡಾಯಿಯ ಮನೆಯ ಕಟ್ಟೆಯ ಮೇಲೆ ಕೂರುತ್ತಾರೆ, ನಡುವೆ ಹಿತ್ತಾಳೆಯ ಬಟ್ಟಲು. ಒಬ್ಬರು ಇಗರ್ಜಿಗೆ ಹೋಗುವವರು, ಇನ್ನೊಬ್ಬರು ಮಡಿಯಲ್ಲಿ ಅಡುಗೆ ಮಾಡುವವರು. ಅಮ್ಮ ಮಾಡಿದ ಮೀನಿನ ಸಾರು ದೊಡ್ಡಾಯಿಗೆ ಬೇಡ, ದೊಡ್ಡಾಯಿಯ ಅಡುಗೆಮನೆಯ ಒಳಗೆ ಅಮ್ಮ ಹೋಗುವುದಿಲ್ಲ. ಇಬ್ಬರೂ ಕೂಡಿ ಬಾಯಿಗೆ ಹಾಕಿಕೊಳ್ಳಬಹುದಾದ ವಸ್ತು ಕವಳ ಒಂದೇ ಆಗಿತ್ತು. ಇದನ್ನು ನಾನು ಆಗ ಇಷ್ಟು ಚಂದವಾಗಿ ಯೋಚಿಸಿರಲಿಲ್ಲ. ನನ್ನ ಹೊಲಿಗೆ ಯಂತ್ರ ಇರುವುದು ಆ ಕಟ್ಟೆಗೆ ಎದುರಾದ ಕಿಟಕಿಯ ಪಕ್ಕ. ಇವರ ನಗು ಕೇಳಿದಾಗಲೆಲ್ಲ, ನಾನಿಲ್ಲಿ ರವಿಕೆಗೆ ಗುಂಡಿ ಹಚ್ಚುತ್ತ ಸಾಯುತ್ತಿದ್ದೇನೆ, ಇವರಿಗೆ ಎಂಥ ನಗು ಎಂದು ಗೊಣಗುತ್ತಿದ್ದೆ, ಅಷ್ಟೇ.

ಕ್ರಿಸ್ಮಸ್ ಮುಗಿದ ಮೇಲೆ ಅಮ್ಮನಿಗೆ ಖಾರ ತಿನ್ನಲು ಆಗದಂತಾಯಿತು. ಸಾರಿಗೆ ಮೆಣಸು ಜಾಸ್ತಿ ಹಾಕಿದ್ದೀಯ ಎಂದು ನನ್ನ ಮೇಲೆ ಹಾರಾಡಿದಳು. ನಾನೂ ಬಿಡಲಿಲ್ಲ, ನಾಳೆಯಿಂದ ಹಾಲು ಅನ್ನ ತಿನ್ನು ಎಂದೆ. ಅವಳು ನಿಜಕ್ಕೂ ಹಾಲು ಅನ್ನ ಕಲಸಿಕೊಂಡು ಕೂತಾಗ ನನಗೆ ಹೆದರಿಕೆಯಾಯಿತು. ಸ್ಕೂಟರ್ ಮೇಲೆ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋದೆ. ಅವರು ಬ್ಯಾಟರಿ ಬಿಟ್ಟು ಎಡಗೆನ್ನೆಯ ಒಳಗೆ ಬಹಳ ಹೊತ್ತು ನೋಡಿದರು. ಬಿಳಿಯ ಮಚ್ಚೆ ಇದೆ ಎಂದರು. ಈಗ ಇದು ಕ್ಯಾನ್ಸರ್ ಅಲ್ಲ, ತಂಬಾಕು ಪೂರ್ತಿ ಬಿಟ್ಟರೆ ಹಾಗೆ ಆಗದೆಯೂ ಹೋಗಬಹುದು, ಅಡಿಕೆಯನ್ನೂ ಬಿಟ್ಟರೆ ಒಳ್ಳೆಯದು, ಬಿಡದಿದ್ದರೆ ನಾನು ಏನೂ ಹೇಳಲಾರೆ ಎಂದರು. ಅಮ್ಮ ಬಾಯಿ ಮುಚ್ಚಿ ಸೆರಗಿನಿಂದ ಒರೆಸಿಕೊಂಡಳು. ಆವತ್ತಿನಿಂದ ಅವಳು ಆ ಕೆನ್ನೆಯನ್ನು ನನಗೂ ತೋರಿಸಲಿಲ್ಲ. ಕೇಳಿದರೆ, ನೀನೇನು ಡಾಕ್ಟರಾ ಎನ್ನುತ್ತಿದ್ದಳು.

ವಾಪಸು ಬರುವಾಗ ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಅಮ್ಮ ಹಿಂದಿನಿಂದ ನನ್ನ ಹೆಗಲು ಹಿಡಿದು, "ಅಕ್ಕನಿಗೆ ಹೇಳಬೇಡ" ಎಂದಳು.

"ಯಾಕೆ?"

"ಇಷ್ಟು ವರ್ಷ ಎಲೆ ಅವರದ್ದು, ಮಡಿಚಿ ಕೊಟ್ಟ ಕೈ ಅವರದ್ದು. ಗೊತ್ತಾದರೆ ತಾನೇ ಮಾಡಿದೆ ಅಂದುಕೊಳ್ಳುತ್ತಾರೆ. ಆ ಮುದುಕಿ ಆಮೇಲೆ ಊಟ ಮಾಡುತ್ತಾರಾ?"

ಇದು ಅರ್ಧ ಸತ್ಯ ಎಂದು ನನಗೆ ಆಗಲೇ ಅನಿಸಿತು. ಉಳಿದ ಅರ್ಧ ಏನೆಂದರೆ, ಬಟ್ಟಲು ಇಲ್ಲದಿದ್ದರೆ ತನ್ನನ್ನು ಆ ಕಟ್ಟೆಗೆ ಯಾರು ಕರೆಯುತ್ತಾರೆ ಎಂಬ ಭಯ. ಆದರೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಸ್ಕೂಟರ್ ಓಡಿಸುವಾಗ ಯಾರಾದರೂ ಹೆಗಲು ಅಷ್ಟು ಗಟ್ಟಿಯಾಗಿ ಹಿಡಿದರೆ ಏನು ಕೇಳಿದರೂ ಹೂಂ ಎನ್ನಬೇಕಾಗುತ್ತದೆ.

ಬಿಡುತ್ತೇನೆ ಎಂದವಳು ಮರುದಿನ ಮಧ್ಯಾಹ್ನವೇ ಕಟ್ಟೆಯ ಮೇಲೆ ಕೂತಿದ್ದಳು. ಬಾಯಿ ಕೆಂಪಗೆ. ನಾನು ಕಿಟಕಿಯಿಂದ ದುರುಗುಟ್ಟಿ ನೋಡಿದೆ, ಅವಳು ನನ್ನ ಕಡೆ ನೋಡಲಿಲ್ಲ. ಮನೆಗೆ ಬಂದ ಮೇಲೆ ದೊಡ್ಡ ಜಗಳವೇ ಆಯಿತು. ಕೊನೆಗೆ ಅವಳು, "ಡಾಕ್ಟರ ಮಾತಿಗೆ ನನ್ನಿಂದ ಆಗುವುದಿಲ್ಲ. ತಪಸ್ಸು ಕಾಲ ಬರಲಿ, ದೇವರ ಹೆಸರಲ್ಲಿ ಬಿಡುತ್ತೇನೆ. ದೇವರಿಗೆ ಮಾತು ಕೊಟ್ಟರೆ ನಾಚಿಕೆಗಾದರೂ ಉಳಿಸಿಕೊಳ್ಳಬೇಕಲ್ಲ" ಎಂದಳು. ಡಾಕ್ಟರಿಗಿಂತ ದೇವರು ಅಗ್ಗಕ್ಕೆ ಸಿಕ್ಕಿದನಾ ಎಂದು ಚುಚ್ಚಿದೆ. ಅವಳು ಶಿಲುಬೆಯ ಗುರುತು ಹಾಕಿಕೊಂಡು, ಇಂಥ ಮಗಳನ್ನು ಕೊಟ್ಟದ್ದಕ್ಕೆ ಸ್ತೋತ್ರ ಎಂದು ಒಳಗೆ ಹೋದಳು.

ಹೇಳಿದ ಹಾಗೆಯೇ ವಿಭೂತಿ ಬುಧವಾರ ಇಗರ್ಜಿಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದವಳು ಸೊಂಟದ ಕವಳದ ಸಂಚಿಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಈಸ್ಟರ್‌ವರೆಗೆ ನಲವತ್ತು ದಿನ ತಪಸ್ಸು ಕಾಲ, ಆಗ ನಮ್ಮಲ್ಲಿ ಒಬ್ಬೊಬ್ಬರು ಒಂದೊಂದನ್ನು ಬಿಡುತ್ತಾರೆ. ಕೆಲವರು ಮಾಂಸ, ಕೆಲವರು ಸೆರೆ, ನಾನು ಪ್ರತಿವರ್ಷ ಸಿಹಿ ಬಿಡುತ್ತೇನೆ, ಅದೂ ಚಹಾದ ಸಕ್ಕರೆಯನ್ನು ಲೆಕ್ಕಕ್ಕೆ ಹಿಡಿಯದೆ.

ಮೊದಲ ವಾರ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿರಲಿಲ್ಲ. ಅಮ್ಮ ಸೋಂಪು ಅಗಿದಳು, ಲವಂಗ ಕಚ್ಚಿದಳು, ಒಣಗಿಸಿದ ನೆಲ್ಲಿಯ ಚೂರನ್ನು ಕೆನ್ನೆಯಲ್ಲಿಟ್ಟುಕೊಂಡು ಉರಿಗೆ ಕಣ್ಣೀರು ಹಾಕಿದಳು. ಊಟವಾದ ಕೂಡಲೇ ಅವಳ ಕೈ ತಾನಾಗಿ ಸೊಂಟಕ್ಕೆ ಹೋಗುತ್ತಿತ್ತು. ಏನೂ ಸಿಗದೆ ಕೈ ಅಲ್ಲೇ ತಡಕಾಡುತ್ತಿತ್ತು. ಬಾಯಿಬಿಟ್ಟು ಸಮಾಧಾನ ಹೇಳುವ ಜಾತಿ ನಾನಲ್ಲ. ಅವಳಿಗೆ ಇಷ್ಟವಾದ ಹಲಸಿನ ಹಪ್ಪಳ ಸುಟ್ಟು ಎದುರಿಗಿಡುತ್ತಿದ್ದೆ. ಹಪ್ಪಳವನ್ನು ಅವಳು ಕವಳ ಅಗಿದ ಹಾಗೆ ಅಗಿಯುತ್ತಿದ್ದಳು.

ದೊಡ್ಡಾಯಿಗೆ ಅವಳು ಹೇಳಿದ್ದು ಇಷ್ಟೇ: "ನಮ್ಮದು ವ್ರತದ ಹಾಗೆ ಅಕ್ಕಾ, ಈಗ ಕವಳ ಹಾಕೂದಿಲ್ಲ." ವ್ರತ ಎಂದ ಕೂಡಲೇ ದೊಡ್ಡಾಯಿ ಎದ್ದು ನಿಂತರಂತೆ. ಚಾತುರ್ಮಾಸ್ಯದಲ್ಲಿ ತರಕಾರಿ ಬಿಡುವವರು, ಕಾಶಿಗೆ ಹೋಗಿ ಇಷ್ಟದ ಹಣ್ಣನ್ನು ಬಿಟ್ಟು ಬಂದವರು ಅವರು. ಬಿಡುವುದು ಎಂದರೆ ಏನೆಂದು ಅವರಿಗೆ ಗೊತ್ತು. ಆವತ್ತಿನಿಂದ ಬಟ್ಟಲು ಕಟ್ಟೆಗೆ ಬರಲೇ ಇಲ್ಲ. ಅಮ್ಮನ ಎದುರು ಹಾಕಬಾರದೆಂದು ದೊಡ್ಡಾಯಿ ಒಳಗೆ ಹೋಗಿ ಗಡಿಬಿಡಿಯಲ್ಲಿ ಒಂದು ಕವಳ ಮುಗಿಸಿ, ಬಾಯಿ ತೊಳೆದುಕೊಂಡು, ಏನೂ ಆಗಿಲ್ಲವೆಂಬ ಮುಖ ಮಾಡಿ ಹೊರಗೆ ಬರುತ್ತಿದ್ದರು. ತುಟಿ ಕೆಂಪಗೆ ಇರುತ್ತಿತ್ತು. ಅಮ್ಮ ಗಮನಿಸದ ಹಾಗೆ ಇರುತ್ತಿದ್ದಳು. ಇಬ್ಬರು ಮುದುಕಿಯರು ಒಬ್ಬರಿಗೊಬ್ಬರು ಹೀಗೆ ನಾಟಕ ಮಾಡುವುದನ್ನು ಕಿಟಕಿಯಿಂದ ನೋಡಿ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಆದರೆ ಮಾತು ಕಡಿಮೆಯಾಗಿತ್ತು. ಬಾಯಿ ತುಂಬಿದ್ದಾಗ ಉತ್ತರ ಕೊಡಬೇಕಾಗಿಲ್ಲ, ಹೂಂಗುಟ್ಟಿದರೆ ನಡೆಯುತ್ತದೆ, ಉಗುಳಲು ಎದ್ದುಹೋದರೆ ವಿಷಯ ಬದಲಾಗುತ್ತದೆ. ಈಗ ಅವೊಂದೂ ಇಲ್ಲ. ಕೆಲವು ಮಧ್ಯಾಹ್ನ ಇಬ್ಬರೂ ಸುಮ್ಮನೆ ರಸ್ತೆ ನೋಡುತ್ತ ಕೂರುತ್ತಿದ್ದರು. ಅಮ್ಮ ಮನೆಗೆ ಬಂದು, "ಅಕ್ಕನಿಗೆ ನನ್ನಿಂದ ಬೇಸರ ಬಂದಿದೆ" ಎನ್ನುತ್ತಿದ್ದಳು. ಬೇಸರ ಬಂದರೆ ದಿನಾ ಕರೆಯುತ್ತಿದ್ದರಾ ಎಂದು ನಾನು ಗದರಿಸುತ್ತಿದ್ದೆ.

ಒಂದು ಭಾನುವಾರ ಪಾದ್ರಿಗಳ ಪ್ರವಚನ ಶೋಧನೆಯ ಮೇಲೆಯೇ, ಎಂದರೆ ಆಸೆ ತೋರಿಸಿ ದಾರಿ ತಪ್ಪಿಸುವುದರ ಮೇಲೆಯೇ ಇತ್ತು. ಸ್ವಾಮಿ ಮರಳುಗಾಡಿನಲ್ಲಿ ಉಪವಾಸವಿದ್ದಾಗ ಸೈತಾನ ಬಂದದ್ದು, ಆಸೆ ತೋರಿಸಿದ್ದು, ಸೋತು ಹೋದದ್ದು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತ ಅಮ್ಮ ಅತೃಪ್ತಿಯಿಂದ ಹೇಳಿದಳು: "ಸ್ವಾಮಿಗೆ ಸುಲಭವಾಯ್ತು. ಬಂದವನು ಸೈತಾನ ಅಂತ ನೋಡಿದ ಕೂಡಲೇ ಗೊತ್ತಾಗ್ತಿತ್ತು. ಬೈದು ಕಳಿಸಬಹುದು. ನನಗೆ ಇಷ್ಟು ವರ್ಷ ಕೊಟ್ಟವರು ಯಾರು ಹೇಳು, ನನ್ನ ಬಾಣಂತನದಲ್ಲಿ ಬಿಸಿನೀರು ಕಾಯಿಸಿಕೊಟ್ಟವರು. ಅವರನ್ನು ಹೇಗೆ ಬೈಯಲಿ?" ಇದನ್ನು ಪಾದ್ರಿಗಳಿಗೇ ಕೇಳು ಎಂದೆ. ಅವಳು ಕೇಳಿಯೇಬಿಟ್ಟಳು. ಆ ಪಾದ್ರಿ ಕರಾವಳಿಯಿಂದ ಹೊಸದಾಗಿ ಬಂದ ಚಿಕ್ಕ ವಯಸ್ಸಿನವರು, ಸ್ವಲ್ಪ ಯೋಚಿಸಿ, "ಅಮ್ಮಾ, ಆಸೆ ಬರುವುದು ಪಾಪ ಅಲ್ಲ. ಆದರೆ ಅದನ್ನು ಮುಚ್ಚಿಟ್ಟುಕೊಂಡು ಒಬ್ಬರೇ ಹೋರಾಡಿದರೆ ಬೇಗ ಸುಸ್ತಾಗುತ್ತದೆ" ಎಂದರಂತೆ. ಅಮ್ಮನಿಗೆ ಸಮಾಧಾನವಾಗಲಿಲ್ಲ. ಇವರಿಗೆ ಕವಳದ ರುಚಿಯೇ ಗೊತ್ತಿಲ್ಲ ಎಂದು ತೀರ್ಮಾನಿಸಿದಳು.

ಒಮ್ಮೆ ನಾವು ಸಿದ್ದಾಪುರಕ್ಕೆ ಒಂದು ಸಾವಿನ ಮನೆಗೆ ಹೋಗಿದ್ದೆವು. ಬಸ್ಸಿಗೆ ಕಾಯುವಾಗ ನಾನು ನೀರಿನ ಬಾಟಲಿ ತರಲು ಹೋಗಿ ಬಂದರೆ ಅಮ್ಮ ಕೂತಲ್ಲಿ ಇಲ್ಲ. ಹುಡುಕಿದರೆ ಬೀಡಾ ಅಂಗಡಿಯ ಎದುರು ನಿಂತಿದ್ದಾಳೆ. ಅಂಗಡಿಯವನು ಎಲೆಗೆ ಸುಣ್ಣ ಸವರುವುದನ್ನು ಮಕ್ಕಳು ಆಟಿಕೆ ನೋಡುವ ಹಾಗೆ ನೋಡುತ್ತಿದ್ದಳು. ನನ್ನನ್ನು ಕಂಡು ಬೆಚ್ಚಿ, "ಬರೀ ನೋಡ್ತಾ ಇದ್ದೆ" ಎಂದಳು. ನನಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವಳ ಕಣ್ಣಲ್ಲಿದ್ದದ್ದು ಕಳ್ಳತನವಲ್ಲ, ಬರೀ ದಣಿವು. ಅದನ್ನು ನೋಡಿ ನನಗೆ ಒಂದು ವಿಷಯ ಹೊಳೆಯಿತು. ನಾವು ಶೋಧನೆ ಎಂದರೆ ಏನೋ ಗುಡುಗು ಮಿಂಚು ಎಂದುಕೊಳ್ಳುತ್ತೇವೆ. ಅದು ಹಾಗಲ್ಲ. ಅದು ಮಧ್ಯಾಹ್ನದ ಬೇಸರದಲ್ಲಿ, ಬಸ್ಸು ಬರಲು ತಡವಾದಾಗ, ಮನಸ್ಸಿಗೆ ಏನೋ ಖಾಲಿ ಅನಿಸಿದಾಗ, ಬಹಳ ಹಳೆಯ ಪರಿಚಯದವರ ಹಾಗೆ ಬಂದು ಪಕ್ಕದಲ್ಲಿ ಕೂರುತ್ತದೆ. ಅದಕ್ಕೆ ಬೈದು ಪ್ರಯೋಜನವಿಲ್ಲ. ಎದ್ದು ಬೇರೆ ಕಡೆ ಹೋಗಬೇಕು, ಅಥವಾ ಯಾರಾದರೂ ಬಂದು ಎಬ್ಬಿಸಿಕೊಂಡು ಹೋಗಬೇಕು. ನಾನು ಅವಳ ತೋಳು ಹಿಡಿದು ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ನನ್ನ ಅಮ್ಮನ ಮೇಲೆ ನನಗೆ ಆವತ್ತು ಬಂದಷ್ಟು ಪ್ರೀತಿ ಬೇರೆ ಯಾವತ್ತೂ ಬಂದದ್ದಿಲ್ಲ.

ಶುಭ ಶುಕ್ರವಾರ ಹತ್ತಿರ ಬಂದ ಹಾಗೆ ನನಗೆ ಒಳಗೊಳಗೇ ಅಳುಕು ಶುರುವಾಯಿತು. ಇಷ್ಟು ದಿನ ಅವಳನ್ನು ತಡೆದದ್ದು ದೇವರಿಗೆ ಕೊಟ್ಟ ಮಾತು. ಈಸ್ಟರ್ ಬಂದರೆ ಆ ಮಾತು ಮುಗಿಯಿತು. ಮಾಂಸ ಬಿಟ್ಟವರು ಮಾಂಸ ತಿನ್ನುತ್ತಾರೆ, ಸೆರೆ ಬಿಟ್ಟವರು ಕುಡಿಯುತ್ತಾರೆ, ನಾನೂ ಲಾಡು ತಿನ್ನುತ್ತೇನೆ. ಇವಳು ಏನು ಮಾಡುತ್ತಾಳೆ? ಕೇಳಿದೆ. "ಹಬ್ಬ ಬರಲಿ, ನೋಡುವಾ" ಎಂದಳು. ಆ ನೋಡುವಾ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಕೆನ್ನೆಯ ಮಚ್ಚೆಗೆ ಹಬ್ಬ ಗಿಬ್ಬ ಗೊತ್ತಿಲ್ಲವಲ್ಲ.

ಈಸ್ಟರ್ ಬೆಳಿಗ್ಗೆ ಪೂಜೆ ಮುಗಿಸಿ ಬಂದು ನಾನು ಚಹಾಕ್ಕೆ ನೀರಿಟ್ಟಿದ್ದೆ. ಅಮ್ಮ ಹೊಸ ಸೀರೆಯಲ್ಲೇ ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಆಗ ದೊಡ್ಡಾಯಿ ಬಂದರು. ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದರು, ತಲೆಗೆ ಹೂವು ಮುಡಿದಿದ್ದರು. ಕೈಯಲ್ಲಿ ದೊಡ್ಡ ಹರಿವಾಣ, ಮೇಲೆ ಬಾಳೆಯೆಲೆ ಮುಚ್ಚಿತ್ತು. ಮೆಟ್ಟಿಲ ಮೇಲೆ ಅಮ್ಮನ ಪಕ್ಕ ಕೂತು, ಹರಿವಾಣವನ್ನು ನಡುವೆ ಇಟ್ಟು, ಎಲೆ ತೆಗೆದರು.

"ವ್ರತ ಮುಗತ್ತಲೇ ತಂಗಿ. ಉದ್ಯಾಪನೆ ಮಾಡ್ದೇ ಹಾಂಗೇ ಬಿಡಲಾಗ, ಫಲ ಸಿಕ್ತಿಲ್ಲೆ. ನಿಂಗಳಲ್ಲಿ ಎಂತ ಕ್ರಮವೋ ಎಂಗೆ ಗೊತ್ತಿಲ್ಲೆ. ಎಂಗಳ ಕ್ರಮದಲ್ಲಿ, ಬಿಟ್ಟಿದ್ದನ್ನ ಕಡೀಗೆ ಒಬ್ಬರು ಪ್ರೀತಿಂದ ಕೊಡವು. ಆನೇ ತಂದಿದ್ದಿ."

ವ್ರತ ಎಂಬ ಒಂದು ಮಾತನ್ನು ಹಿಡಿದುಕೊಂಡು ಅವರು ಇಷ್ಟು ದಿನ ಇದಕ್ಕೆ ತಯಾರಿ ಮಾಡಿದ್ದರು. ದೊಡ್ಮನೆಯಿಂದ ತರಿಸಿದ ಎಳೆಯ ಎಲೆಗಳನ್ನು ಒರೆಸಿ ಸುತ್ತಲೂ ಜೋಡಿಸಿದ್ದರು. ಅಡಿಕೆಯನ್ನು ಅಡಕತ್ತರಿಯಲ್ಲಿ ಹೂವಿನೆಸಳಿನಷ್ಟು ತೆಳ್ಳಗೆ ಹೆರೆದಿದ್ದರು. ನಡುಗುವ ಆ ಕೈಗಳಿಗೆ ಅದಕ್ಕೆ ಎಷ್ಟು ಹೊತ್ತು ಹಿಡಿದಿರಬೇಕು. ಲವಂಗ, ಏಲಕ್ಕಿ, ಕೊಬ್ಬರಿಯ ಎಳೆ. ನಡುವೆ ಬೆಳ್ಳಿಯ ಪುಟ್ಟ ಡಬ್ಬಿಯಲ್ಲಿ ಅಮ್ಮನಿಗೆ ಇಷ್ಟವಾದ ಅದೇ ತಂಬಾಕು. ಅದರ ವಾಸನೆ ಒಲೆಯ ಹತ್ತಿರ ನಿಂತಿದ್ದ ನನಗೂ ಬಂತು.

ನಾನು ಚಹಾ ಬಿಟ್ಟು ಬಾಗಿಲಿಗೆ ಬಂದೆ. ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ಬಾಯಿ ಬಿಡಬೇಡ ಎಂಬ ನೋಟ ಅದು. ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಕೊಟ್ಟ ಮಾತಿಗಾಗಿ ನುಂಗಿಕೊಂಡೆ. ಅಮ್ಮ ಒಂದು ಎಲೆ ಎತ್ತಿಕೊಂಡಳು. ತೊಟ್ಟು ಮುರಿದಳು. ಸೆರಗಿಗೆ ಒರೆಸಿದಳು. ಬೆರಳ ತುದಿಯಲ್ಲಿ ಸುಣ್ಣ ತೆಗೆದು ಎಲೆಯ ಬೆನ್ನಿಗೆ ಸವರಿದಳು. ಅಡಿಕೆ ಇಟ್ಟಳು, ಲವಂಗ ಇಟ್ಟಳು. ಒಂದು ಬೆರಳೂ ತಪ್ಪಲಿಲ್ಲ. ಮುಗಿಯಿತು ಎಂದುಕೊಂಡೆ. ಬೆಳ್ಳಿ ಡಬ್ಬಿಯ ಹತ್ತಿರ ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಡಬ್ಬಿಯನ್ನು ಮುಟ್ಟದೆ ಎಲೆಯನ್ನು ಮಡಿಚಿದಳು.

"ಅಕ್ಕಾ, ಬಾಯಿ ತೆಗೀರಿ" ಎಂದಳು.

ದೊಡ್ಡಾಯಿ ತಬ್ಬಿಬ್ಬಾಗಿ ಬಾಯಿ ತೆರೆದರು. ಅಮ್ಮ ಕವಳವನ್ನು ಅವರ ಬಾಯಿಗೆ ಇಟ್ಟಳು. ದೊಡ್ಡಾಯಿಗೆ ನಗು ಬಂತು, ನಾಚಿಕೆಯೂ ಆಯಿತು. ಮದುವೆಯ ದಿನ ಬಿಟ್ಟರೆ ಅವರ ಬಾಯಿಗೆ ಯಾರೂ ಹೀಗೆ ಇಟ್ಟಿರಲಿಕ್ಕಿಲ್ಲ. ಒಂದೆರಡು ಸಲ ಅಗಿದು, ತುಂಬಿದ ಬಾಯಲ್ಲೇ, "ತಂಬಾಕೇ ಹಾಕಿದ್ದಿಲ್ಲೆ ನೀನು" ಎಂದರು.

"ಅದನ್ನ ನಾ ಇನ್ನು ಮುಟ್ಟೂದಿಲ್ಲ ಅಕ್ಕಾ. ಈ ಹಬ್ಬಕ್ಕಷ್ಟೇ ಅಲ್ಲ, ಯಾವತ್ತಿಗೂ."

ಆಮೇಲೆ ಅಮ್ಮ ಎಲ್ಲ ಹೇಳಿದಳು. ಹರಿವಾಣ ನೋಡುತ್ತಲೇ ಹೇಳಿದಳು. ಖಾರ ತಿನ್ನಲಾಗದ್ದು, ಡಾಕ್ಟರು ಬ್ಯಾಟರಿ ಬಿಟ್ಟದ್ದು, ಬಿಳಿ ಮಚ್ಚೆ, ಮುಂದೆ ಆಗಬಹುದಾದದ್ದು. ದೊಡ್ಡಾಯಿಯ ದವಡೆ ನಿಂತುಹೋಯಿತು. ಬಾಯಿ ತುಂಬಿದ್ದರಿಂದ ನಡುವೆ ತಡೆದು ಬೈಯಲು ಅವರಿಗೆ ಆಗಲಿಲ್ಲ. ಮಾತು ಮುಗಿದ ಮೇಲೆ ಎದ್ದು ಹೋಗಿ ದಾಸವಾಳದ ಗಿಡದ ಬುಡದಲ್ಲಿ ಎಲ್ಲವನ್ನೂ ಉಗುಳಿದರು. ನಮ್ಮ ನಲ್ಲಿಯಲ್ಲಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದರು. ಬೆನ್ನು ನಮ್ಮ ಕಡೆಗಿತ್ತು. ನೀರು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ನಲ್ಲಿ ಹಿಡಿದುಕೊಂಡೇ ನಿಂತಿದ್ದರು.

ತಿರುಗಿದಾಗ ಅವರ ಮುಖದಲ್ಲಿ ಇದ್ದದ್ದು ಸಿಟ್ಟು.

"ಕ್ರಿಸ್ಮಸ್ ಆದಾಗಿಂದ ಗೊತ್ತಿದ್ದು ನಿಂಗೆ. ದಿನಾ ಎನ್ನ ಪಕ್ಕ ಕೂತಿದ್ದೆ. ಹೇಳಿದ್ದಿಲ್ಲೆ. ಎಂತಕೆ?"

"ನಿಮ್ಮ ಕೈಯಿಂದ ಆಯ್ತು ಅಂದ್ಕಳ್ತೀರಿ ಅಂತ."

"ಅಂದ್ಕತ್ತೆ. ಅಂದ್ಕಳ್ದೇ ಇಪ್ಪಲೆ ಆಗ್ತಾ? ಅದು ಎನ್ನ ಪಾಲಿಂದು, ಎಂಗೇ ಬಿಡು."

ಅಮ್ಮ ಅಳಲು ಶುರುಮಾಡಿದಳು. ಇಡೀ ತಪಸ್ಸು ಕಾಲದಲ್ಲಿ ನೆಲ್ಲಿಯ ಉರಿಗೆ ಬಿಟ್ಟರೆ ಅವಳು ಅತ್ತದ್ದು ನಾನು ನೋಡಿರಲಿಲ್ಲ. "ಬಟ್ಟಲು ಇಲ್ಲದಿದ್ರೆ ನಾ ಕಟ್ಟೆಗೆ ಬಂದು ಎಂತ ಮಾಡೂದು ಅಕ್ಕಾ?" ಎಂದಳು. ಇಷ್ಟು ದಿನ ನನಗೂ ಹೇಳದ ಮಾತು ಅದು.

ದೊಡ್ಡಾಯಿ ಹರಿವಾಣವನ್ನು ಎತ್ತಿ ನನ್ನ ಕೈಗೆ ಕೊಟ್ಟು, ಒಳಗೆ ಒಯ್ಯಿ ಎಂಬಂತೆ ತಲೆ ಆಡಿಸಿದರು. ಅದು ಇದ್ದ ಜಾಗದಲ್ಲೇ, ಅಮ್ಮನಿಗೆ ತಾಗಿ ಕೂತರು. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡರು.

"ಎಲ್ಲಿದ್ದು ಅದು, ತೋರ್ಸು" ಎಂದರು.

ಅಮ್ಮ ಬೇಡ ಎಂದು ತಲೆ ಆಡಿಸಿದಳು. ದೊಡ್ಡಾಯಿ ಅವಳ ಗದ್ದ ಹಿಡಿದು ಮುಖವನ್ನು ಬಿಸಿಲಿನ ಕಡೆ ತಿರುಗಿಸಿದರು. ನನ್ನ ಅಮ್ಮ, ನನಗೂ ತೋರಿಸದೆ ಇದ್ದವಳು, ಕಣ್ಣು ಮುಚ್ಚಿ ಮೆಲ್ಲಗೆ ಬಾಯಿ ತೆರೆದಳು.

"ಇನ್ನೂ ಸ್ವಲ್ಪ ತೆಗಿ" ಎಂದರು ದೊಡ್ಡಾಯಿ, ಬಗ್ಗಿ ನೋಡುತ್ತ. "ಹೆದರಡ. ಆನು ಇದ್ದಿ."